ಅರ್ಧ ಓಮಿನ ಲೆಕ್ಕ

ವಿದ್ಯುತ್ತು ಮನೆಗೆ ಬಂದ ಮೇಲೆ ಅದರ ಕುಲಗೋತ್ರವನ್ನು ವಿಚಾರಿಸುವವರು ವಿರಳ. ಸ್ವಿಚ್ಚು ಒತ್ತಿದರೆ ದೀಪ ಹತ್ತುತ್ತದೆ, ತಿಂಗಳಿಗೊಮ್ಮೆ ಬಿಲ್ಲು ಬರುತ್ತದೆ. ನಡುವಿನ ಲೆಕ್ಕಾಚಾರವೆಲ್ಲ ಶಾಲೆಯ ಮಕ್ಕಳ ಪಾಲಿಗೆ ಬಿಟ್ಟದ್ದು ಎಂಬುದು ಗೃಹಸ್ಥರ ಸಾಮಾನ್ಯ ನಂಬಿಕೆ. ಶಹಾಬಾದಿನ ಒಂದು ಮನೆಯಲ್ಲಿ ಈ ನಂಬಿಕೆ ಒಂದು ಸಂಜೆ ಅಲುಗಾಡಿತು.

ಆ ಮನೆಯ ಹಿರಿಯರು ವಾಡಿ ಜಂಕ್ಷನ್ನಿನಲ್ಲಿ ರೈಲ್ವೆಯ ವಿದ್ಯುತ್ ಕೆಲಸ ಮಾಡಿ ನಿವೃತ್ತರಾದವರು. ಮನೆಯಲ್ಲಿ ಯಾವ ತಂತಿ ಎಲ್ಲಿ ಹಾಯಬೇಕೆಂಬುದು ಅವರ ಮಾತಿನಂತೆಯೇ ನಡೆಯತಕ್ಕದ್ದು. ಹಿರಿಯ ಮೊಮ್ಮಗಳ ಕೂಸಿಗೆ ತೊಟ್ಟಿಲ ಕಾರ್ಯ ಗೊತ್ತಾಗಿತ್ತು. ಸೇಡಂ, ಚಿತ್ತಾಪುರಗಳಿಂದ ಬಂಧುಗಳು ಮರುದಿನ ಬರುವವರಿದ್ದರು. ಚಿಂಚೋಳಿಯ ಬೀಗರು ಆಗಲೇ ಬಂದಿಳಿದಿದ್ದರು. ಇಷ್ಟು ಜನರಿಗೆ ಬಿಸಿನೀರಾಗಬೇಕಲ್ಲ? ಹಿರಿಯರು ಒಳಕೋಣೆಯ ಪ್ಲಗ್ಗಿನಿಂದ ಹಿತ್ತಲಿನವರೆಗೆ ಒಂದು ತೆಳುವಾದ ಎಕ್ಸ್‌ಟೆನ್ಷನ್ ವೈರು ಎಳೆದು, 1000 ವ್ಯಾಟಿನ ಹೀಟರನ್ನು ಜೋಡಿಸಿದರು. ನಡುಮನೆಯಲ್ಲಿ ಯಾರೂ ಎಡವಬಾರದೆಂದು ಫರಸಿಯ ಮೇಲೆ ಹಾಯ್ದ ವೈರನ್ನು ಜಮಖಾನದಿಂದ ಮುಚ್ಚಿದರು. ಜಮಖಾನದ ಪಕ್ಕದಲ್ಲಿಯೇ ತೊಟ್ಟಿಲು. ಬೆಳಗಿನ ಅಡುಗೆಗೆ ನೆರವಾಗಲೆಂದು 2000 ವ್ಯಾಟಿನ ಇಂಡಕ್ಷನ್ ಒಲೆಯನ್ನೂ ಅದೇ ವೈರಿಗೆ ಹಚ್ಚುವುದೆಂದು ನಿಶ್ಚಯವಾಗಿತ್ತು.

ಕಿರಿಯ ಮೊಮ್ಮಗಳು ಹತ್ತನೆಯ ತರಗತಿಯವಳು. ತೊಟ್ಟಿಲು ತೂಗಲು ಬಂದವಳ ಬರಿಗಾಲಿಗೆ ಜಮಖಾನದಡಿಯ ವೈರು ತಗುಲಿತು.

“ಮುತ್ಯಾ, ವೈರು ಬೆಚ್ಚಗ ಆಗ್ಯಾದ.”

“ಕರೆಂಟ್ ಹರದ್ರ ವೈರು ಬೆಚ್ಚಗ ಆಗ್ತದವ್ವಾ. ಎಂಸಿಬಿ ಬಿದ್ದಿಲ್ಲಲ್ಲ? ಮತ್ತೇನು?”

ಬೀಗರ ಎದುರಿನಲ್ಲಿ ಅಜ್ಜನ ಮಾತಿಗೆ ಎದುರಾಡುವುದು ಸಣ್ಣ ಸಂಗತಿಯಲ್ಲ. ಹುಡುಗಿ ಎದುರಾಡಲಿಲ್ಲ, ಮೀಟರು ತರುವಿರಾ ಎಂದಷ್ಟೇ ಕೇಳಿದಳು. ಮೊಮ್ಮಗಳ ಸಂಶಯವನ್ನು ನಿವಾರಿಸಿಯೇ ಬಿಡೋಣವೆಂದು ಹಿರಿಯರು ತಮ್ಮ ಹಳೆಯ ಪೆಟ್ಟಿಗೆಯಿಂದ ಅದನ್ನು ತೆಗೆದರು. ಹೀಟರು ಕಾಯುತ್ತಿರುವಾಗಲೇ ಅವರು ಅಳೆದರು: ಗೋಡೆಯ ಬಳಿ 230 ವೋಲ್ಟ್, ವೈರಿನ ತುದಿಯಲ್ಲಿ 228.

ಹುಡುಗಿ ನೋಟುಬುಕ್ಕಿನಲ್ಲಿ ಬರೆದಳು. ವೋಲ್ಟನ್ನು ಆಂಪೇರಿನಿಂದ ಗುಣಿಸಿದರೆ ವ್ಯಾಟು. ಆದುದರಿಂದ 1000ವನ್ನು 230ರಿಂದ ಭಾಗಿಸಿದರೆ ಹೀಟರಿನ ಪ್ರವಾಹ ಸುಮಾರು 4.35 ಆಂಪೇರ್. ವೋಲ್ಟನ್ನು ಆಂಪೇರಿನಿಂದ ಭಾಗಿಸಿದರೆ ರೋಧ. ದಾರಿಯಲ್ಲಿ ಕಳೆದುಹೋದದ್ದು 2 ವೋಲ್ಟ್, ಅದನ್ನು 4.35ರಿಂದ ಭಾಗಿಸಲು ವೈರಿನ ರೋಧ ಹೆಚ್ಚು ಕಡಿಮೆ ಅರ್ಧ ಓಮ್. ಅದೇ 2 ವೋಲ್ಟನ್ನು 4.35ರಿಂದ ಗುಣಿಸಲು ಸುಮಾರು 9 ವ್ಯಾಟ್; ನೀರಿಗೆ ಸಲ್ಲದೆ ಜಮಖಾನದ ಅಡಿಯಲ್ಲಿಯೇ ಉಳಿಯುವ ಬಿಸಿ ಅದು.

“ಇಷ್ಟೇ ಅಲ್ಲೇನು?” ಎಂದರು ಬೀಗರು.

ಇಷ್ಟೇ ಆಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಒಲೆಯೂ ಸೇರಿದರೆ ಒಟ್ಟು 3000 ವ್ಯಾಟ್. ಪ್ರವಾಹ ಮೂರು ಪಟ್ಟು, ಅಂದರೆ 13 ಆಂಪೇರ್. ಪ್ರವಾಹ ಮೂರು ಪಟ್ಟಾದಾಗ ವೈರಿನಲ್ಲಿ ಕಳೆಯುವ ವೋಲ್ಟೂ ಮೂರು ಪಟ್ಟಾಗುತ್ತದೆ. ಎರಡನ್ನೂ ಗುಣಿಸಿದರೆ ಬಿಸಿಯು ಮೂರಲ್ಲ, ಒಂಬತ್ತು ಪಟ್ಟು! ಗಾಳಿಯಾಡದ ಹಾಸಿನಡಿಯಲ್ಲಿ, ಕೂಸಿನ ಮಗ್ಗುಲಲ್ಲಿ, ಸುಮಾರು 80 ವ್ಯಾಟಿನ ಕಾವು. ಆ ಪ್ಲಗ್ಗಿನ ಎಂಸಿಬಿ 16 ಆಂಪೇರಿನದು. 13ಕ್ಕೆ ಅದು ಬೀಳುವುದಿಲ್ಲ. ಗೋಡೆಯೊಳಗಿನ ದಪ್ಪ ತಂತಿಯನ್ನು ಕಾಯುವುದು ಅದರ ಕರ್ತವ್ಯ. ಹೊರಗಿನ ತೆಳುವಾದ ವೈರಿನ ಸಂಕಟ ಅದಕ್ಕೆ ತಿಳಿಯದು.

ಹಿರಿಯರು ಪುಸ್ತಕವನ್ನು ಕೈಗೆ ತೆಗೆದುಕೊಂಡು ಲೆಕ್ಕವನ್ನು ಎರಡು ಸಲ ನೋಡಿದರು. ಅವರಿಗೆ ಇದು ಹೊಸ ವಿದ್ಯೆಯಲ್ಲ. ವಾಡಿಯಲ್ಲಿ ರೈಲುಹಳಿಯ ಮೇಲೆ ಹಾಯುವ ತಂತಿಗೆ 25,000 ವೋಲ್ಟ್ ಏಕೆಂಬುದಕ್ಕೂ ಇದೇ ಉತ್ತರ. ಅಷ್ಟೇ ಸಾಮರ್ಥ್ಯವನ್ನು ಹತ್ತು ಪಟ್ಟು ವೋಲ್ಟಿನಲ್ಲಿ ಕಳಿಸಿದರೆ ಪ್ರವಾಹ ಹತ್ತರಲ್ಲೊಂದು ಪಾಲಾಗುತ್ತದೆ. ಅದೇ ತಂತಿಯಲ್ಲಿ ವ್ಯರ್ಥವಾಗುವ ಬಿಸಿ ನೂರರಲ್ಲೊಂದು ಪಾಲು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಮುಟ್ಟಿಸಿದವರು 30,000 ವೋಲ್ಟಿಗೆ ಕಡಿಮೆಯಿಲ್ಲದಂತೆ ಒತ್ತಡವನ್ನು ಏರಿಸಿದ್ದು ಈ ಕಾರಣದಿಂದಲೇ. ತಿಳಿದವರಿಗೂ ಅವಸರ ಮರೆವು ತರುತ್ತದೆ. ಬೀಗರು ಬಂದ ಮನೆಯಲ್ಲಿ ಅವಸರಕ್ಕೇನು ಕೊರತೆ?

ಈ ನಿಯಮವನ್ನು ಜರ್ಮನಿಯ ಶಾಲಾ ಉಪಾಧ್ಯಾಯ ಗೇಯಾರ್ಗ್ ಓಮ್ 1827ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದಾಗ ಅಲ್ಲಿಯ ವಿದ್ವಾಂಸರು ಆದರ ತೋರಲಿಲ್ಲ. ಲಂಡನ್ನಿನ ರಾಯಲ್ ಸೊಸೈಟಿ ಅವನಿಗೆ ಕಾಪ್ಲೆ ಪದಕವಿತ್ತು ಗೌರವಿಸಿದ್ದು 1841ರಲ್ಲಿ; ನಡುವೆ ಹದಿನಾಲ್ಕು ವರ್ಷಗಳು ಸಂದಿದ್ದವು. ಶಹಾಬಾದಿನ ಈ ಹಿರಿಯರು ಹದಿನಾಲ್ಕು ನಿಮಿಷವನ್ನೂ ತೆಗೆದುಕೊಳ್ಳಲಿಲ್ಲ. ಎದ್ದು ಹೋಗಿ ಸ್ವಿಚ್ಚು ಆರಿಸಿದರು, ಪ್ಲಗ್ಗು ಕಿತ್ತರು, ಜಮಖಾನವನ್ನು ಸರಿಸಿದರು.

ಆ ರಾತ್ರಿಯೇ ಬಜಾರಿನಿಂದ ದಪ್ಪ ತಂತಿ ಬಂದು ಹೀಟರಿಗೆ ಗೋಡೆಯಂಚಿನಲ್ಲಿ ಬೇರೆ ಹಾದಿಯಾಯಿತು. ಒಲೆ ಅಡುಗೆಮನೆಯ ಸ್ವಂತ ಪ್ಲಗ್ಗಿಗೇ ಸೇರಿತು. ಹಳೆಯ ವೈರನ್ನು ಮತ್ತೆ ಯಾರೂ ಬಳಸದಿರಲೆಂದು ಹಿರಿಯರು ತಾವೇ ಕತ್ತರಿಸಿ ತುಂಡು ಮಾಡಿದರು.

ಮರುದಿನ ತೊಟ್ಟಿಲ ಸುತ್ತ ಹೆಂಗಳೆಯರು ನೆರೆದಿದ್ದಾಗ, ಸೇಡಂನಿಂದ ಬಂದವರೊಬ್ಬರು, “ಹೊಸಾ ತಂತಿ ಹಾಕ್ಸೀರೇನ್ರಿ?” ಎಂದು ಕೇಳಿದರು.

“ಹೌದ್ರಿ,” ಎಂದರು ಹಿರಿಯರು. “ನಾ ತಪ್ಪು ಮಾಡಿದ್ದೆ. ನಮ್ಮ ಹುಡುಗಿ ಲೆಕ್ಕಾ ಹಾಕಿ ತೋರ್ಸ್ಯಾಳ.”

ಹುಡುಗಿ ತಲೆ ತಗ್ಗಿಸಿ ತೊಟ್ಟಿಲು ತೂಗಿದಳು. ಕೂಸು ನಿದ್ರಿಸುತ್ತಿತ್ತು. ತೊಟ್ಟಿಲ ಕೆಳಗಿನ ಫರಸಿ ತಣ್ಣಗಿತ್ತು.