ಕಾರವಾರಕ್ಕೆ ಬರುವುದಾದರೆ

ಮಕ್ಕಳ ಪರೀಕ್ಷೆ ಮುಗಿಯುವ ಹೊತ್ತಿಗೆ ನಮ್ಮ ಮನೆಯ ಫೋನಿಗೆ ಬಿಡುವಿಲ್ಲ. ಹಳೆಯ ಸಹೋದ್ಯೋಗಿಗಳು, ಬೀಗರು, ಬೀಗರ ನೆರೆಯವರು, ಎಲ್ಲರದೂ ಒಂದೇ ಪ್ರಶ್ನೆ: "ಕಾರವಾರಕ್ಕೆ ಬರೋಣ ಅಂತಿದ್ದೇವೆ. ಅರ್ಧ ದಿನ ಸಾಕಲ್ಲ? ಬೆಳಿಗ್ಗೆ ನಿಮ್ಮೂರು, ಮಧ್ಯಾಹ್ನ ಗೋಕರ್ಣ, ಸಂಜೆ ಮುರ್ಡೇಶ್ವರ." ಮೂವತ್ತಾರು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವನು ನಾನು. ಎದುರು ನಿಂತವರಿಗೆ ಇಲ್ಲ ಎನ್ನುವ ಅಭ್ಯಾಸ ಕಡಿಮೆ. ಆದರೆ ಈ ಪ್ರಶ್ನೆಗೆ ಮಾತ್ರ ಖಡಾಖಂಡಿತವಾಗಿ ಹೇಳುತ್ತೇನೆ: ಸಾಲದು. ಎರಡು ರಾತ್ರಿ ಉಳಿಯುವುದಾದರೆ ಬನ್ನಿ. ಇಲ್ಲವಾದರೆ ನೇರ ಗೋಕರ್ಣಕ್ಕೇ ಹೋಗಿ, ನಮಗೇನೂ ಬೇಸರವಿಲ್ಲ.

ಯಾಕೆಂದರೆ ಕಾರವಾರ ಕಾರಿನಿಂದ ಇಳಿದು, ಫೋಟೋ ತೆಗೆದು, ಮತ್ತೆ ಕಾರು ಹತ್ತುವ ಊರಲ್ಲ. ಇದು ಕೊಲ್ಲಿಯ ಊರು. ದಕ್ಷಿಣಕ್ಕೆ ಬೈತಖೋಲದ ಗುಡ್ಡ, ಉತ್ತರಕ್ಕೆ ಸದಾಶಿವಗಡದ ಗುಡ್ಡ, ನಡುವೆ ಬಾಗಿದ ಮರಳಿನ ದಂಡೆ. ಬೆನ್ನಿಗೆ ಸಹ್ಯಾದ್ರಿ. ಎದುರಿಗೆ ಕಡಲಿನಲ್ಲಿ ಅಲ್ಲಲ್ಲಿ ಕೂತ ದ್ವೀಪಗಳು. ಈ ಗುಡ್ಡ, ಈ ದ್ವೀಪಗಳು ಅಲೆಯ ಹೊಡೆತವನ್ನು ತಡೆಯುವುದರಿಂದಲೇ ಹಳೆಯ ಕಾಲದ ಹಡಗುಗಳು ಇಲ್ಲಿಗೆ ಬಂದವು. 17ನೇ ಶತಮಾನದಲ್ಲಿ ಇಂಗ್ಲಿಷರು ಮೆಣಸು ಕೊಳ್ಳಲು ಇಲ್ಲಿ ಕೋಠಿ ತೆರೆದರು. ಉತ್ತರದ ಗುಡ್ಡದ ಪಕ್ಕದಲ್ಲಿ ಕಾಳಿ ನದಿ ಕಡಲು ಸೇರುತ್ತದೆ. ಮಕ್ಕಳೇ, ಒಂದು ಸಂಗತಿ ಗಮನಿಸಿ: ಕಾಳಿ ಹುಟ್ಟುವುದು ಉತ್ತರ ಕನ್ನಡ ಜಿಲ್ಲೆಯ ಕಾಡಿನಲ್ಲಿ, ಸುಮಾರು 184 ಕಿಲೋಮೀಟರ್ ಹರಿದು ಕಡಲು ಸೇರುವುದೂ ಅದೇ ಜಿಲ್ಲೆಯಲ್ಲಿ. ತವರು, ಗಂಡನ ಮನೆ ಎರಡೂ ಒಂದೇ ಊರಿನಲ್ಲಿ ಇದ್ದ ಹಾಗೆ.

ರೈಲಿನಲ್ಲಿ ಬನ್ನಿ ಎನ್ನುವುದು ನನ್ನ ಮೊದಲ ಸಲಹೆ. ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ, ರಾತ್ರಿಯ ಗಾಡಿ. ಬೆಳಕು ಹರಿಯುವಾಗ ಮಕ್ಕಳನ್ನು ಎಬ್ಬಿಸಿ ಎಡಗಡೆಯ ಕಿಟಕಿಗೆ ಕೂರಿಸಿ, ಕಡಲು ಇರುವುದು ಆ ಕಡೆ. ಹೊನ್ನಾವರದ ಹತ್ತಿರ ಶರಾವತಿಯ ಸೇತುವೆ ಬರುತ್ತದೆ. ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು, 2 ಕಿಲೋಮೀಟರಿಗೂ ಮೇಲೆ. ಆಮೇಲೆ ಕುಮಟಾ ದಾಟಿ ಅಘನಾಶಿನಿ, ಅದಾದ ಮೇಲೆ ಗಂಗಾವಳಿ. ಅಂಕೋಲೆ ದಾಟಿ ಕಾರವಾರಕ್ಕೆ ಮುಂಚೆ ಹತ್ತಿರ ಹತ್ತಿರ 3 ಕಿಲೋಮೀಟರಿನ ಸುರಂಗ. ನನ್ನ ಮೊಮ್ಮಗ ಆ ಸುರಂಗದಲ್ಲಿ ಪೂರ್ತಿ ಉಸಿರು ಹಿಡಿಯುತ್ತೇನೆಂದು ಪ್ರತಿ ವರ್ಷ ಪಣ ತೊಡುತ್ತಾನೆ. ಇದುವರೆಗೆ ಆಗಿಲ್ಲ, ಆಗುವುದೂ ಬೇಡ.

ಯಾವಾಗ ಬರಬೇಕು? ಡಿಸೆಂಬರಿನಿಂದ ಫೆಬ್ರುವರಿ ತನಕ ಹವೆ ಚೆನ್ನ. ಶಾಲೆಯ ರಜೆಯ ಕಾರಣಕ್ಕೆ ಮೇ ತಿಂಗಳಲ್ಲೇ ಬರಬೇಕಾದವರು ಬೆವರಿಗೆ ಸಿದ್ಧವಾಗಿ ಬನ್ನಿ. ಜೂನ್ ಜುಲೈ ಮಾತ್ರ ಬೇಡ. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ, ಅದರ ಬಹುಪಾಲು ಆ ನಾಲ್ಕೇ ತಿಂಗಳಲ್ಲಿ. 2024ರ ಜುಲೈಯಲ್ಲಿ ಅಂಕೋಲೆಯ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿದ್ದದ್ದನ್ನು ನೀವು ಟಿವಿಯಲ್ಲಿ ನೋಡಿರಬೇಕು. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 7ರ ನಡುರಾತ್ರಿ, ನಮ್ಮ ಕಾಳಿಯ ಹಳೆಯ ಸೇತುವೆ ನದಿಗೆ ಬಿತ್ತು. ಲಾರಿಯೊಂದು ನೀರಿಗೆ ಉರುಳಿತು. ಚಾಲಕ ಬದುಕಿದ.

ಆ ಸೇತುವೆಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಸೇತುವೆ ಇಲ್ಲದಿದ್ದ ಕಾಲದಲ್ಲಿ ನಾನು ನೌಕರಿಗೆ ಸೇರಿದವನು. ಮನೆ ಕೋಡಿಬಾಗದಲ್ಲಿ, ಶಾಖೆ ಆಚೆ ದಡದಲ್ಲಿ. ದಿನಾ ಬೆಳಿಗ್ಗೆ ಲಾಂಚು, ಸಂಜೆ ಲಾಂಚು. ಆಡು, ಸೈಕಲ್ಲು, ಮೀನಿನ ಬುಟ್ಟಿ, ಮದುವೆಯ ದಿಬ್ಬಣ, ಎಲ್ಲವೂ ಅದರಲ್ಲೇ. ಆಷಾಢದ ಗಾಳಿಯಲ್ಲಿ ಲಾಂಚು ನಿಂತರೆ ಅಂದು ರಜೆ. 1980ರ ದಶಕದಲ್ಲಿ ಸೇತುವೆ ಬಂದಾಗ ನನ್ನ ತಾಯಿ ನಡೆದೇ ದಾಟುತ್ತೇನೆಂದು ಹಟ ಹಿಡಿದು, ನಡುವೆ ನಿಂತು ನೀರಿಗೆ ಹೂವು ಹಾಕಿ ಬಂದಳು. ನನ್ನ ಕಣ್ಣೆದುರೇ ಹುಟ್ಟಿದ ಸೇತುವೆ ನನಗಿಂತ ಮೊದಲು ಹೋಯಿತು. ಈಗ ಪಕ್ಕದ ಹೊಸ ಸೇತುವೆಯ ಮೇಲೆ ವಾಹನಗಳು ಓಡುತ್ತವೆ. ಸಂಜೆ ಕೋಡಿಬಾಗದ ಕಡೆಯಿಂದ ನಿಂತು ನೋಡಿದರೆ ನದಿ, ಕಡಲು, ಸದಾಶಿವಗಡದ ಗುಡ್ಡ ಮೂರೂ ಒಂದೇ ನೋಟಕ್ಕೆ ಸಿಗುತ್ತವೆ. ಈ ಊರಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಅದು.

ರವೀಂದ್ರನಾಥ ಟ್ಯಾಗೋರರಿಗೂ ಇಷ್ಟವಾಗಿತ್ತು. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, ಇಪ್ಪತ್ತೆರಡರ ತರುಣ ರವೀಂದ್ರರು ಬಂದು ಉಳಿದಿದ್ದರು. ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿಯ ಮೇಲ್ಗಡೆಗೆ ಹೋಗಿ, ಮರಳುವಾಗ ಪ್ರವಾಹಕ್ಕೆ ದೋಣಿ ಬಿಟ್ಟು, ಅಳಿವೆಯಲ್ಲಿ ಇಳಿದು ಮರಳಿನ ಮೇಲೆ ನಡೆದು ಮನೆಗೆ ಬಂದುದನ್ನು ಅವರೇ ನೆನಪುಗಳಲ್ಲಿ ಬರೆದಿದ್ದಾರೆ. 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದದ್ದೂ ಇಲ್ಲೇ. ಊರಿನ ಕಡಲತೀರಕ್ಕೆ ಈಗ ಅವರದೇ ಹೆಸರು. ಅದೇ ತೀರದಲ್ಲಿ 'ಚಪಲ್' ಎಂಬ ನಿವೃತ್ತ ಯುದ್ಧನೌಕೆಯನ್ನು ನಿಲ್ಲಿಸಿ ಸಂಗ್ರಹಾಲಯ ಮಾಡಿದ್ದಾರೆ. ಮಕ್ಕಳು ಕವಿಯನ್ನು ಬಿಟ್ಟು ಅದರ ಕಡೆಗೇ ಓಡುತ್ತಾರೆ, ಓಡಲಿ. ಒಳಗಿನ ಏಣಿ ಕಡಿದು, ಮಂಡಿನೋವಿನ ಅಜ್ಜಂದಿರು ಹೊರಗೆ ಶೇಂಗಾ ತಿನ್ನುತ್ತ ಕೂರುವುದು ಜಾಣತನ.

ಎಲ್ಲರೂ ಸೂರ್ಯಾಸ್ತ ನೋಡಲು ಬರುತ್ತಾರೆ. ನನ್ನನ್ನು ಕೇಳಿದರೆ ಬೆಳಗಿನ ಕಡಲೇ ಚೆಂದ. ಅದೃಷ್ಟವಿದ್ದರೆ ದಂಡೆಯಲ್ಲಿ ಬಲೆ ಎಳೆಯುವುದು ಕಾಣಸಿಗುತ್ತದೆ. ನಾನು ಹುಡುಗನಾಗಿದ್ದಾಗ ರಂಪಣಿ ಬಲೆಯ ಕಾಲ. ದೋಣಿಯವರು ಕಡಲಿನಲ್ಲಿ ಅರ್ಧಚಂದ್ರದ ಹಾಗೆ ಬಲೆ ಬಿಟ್ಟು ಬರುತ್ತಿದ್ದರು. ಅದರ ಎರಡು ತುದಿಗಳನ್ನು ದಂಡೆಯಿಂದ ಹತ್ತಾರು ಜನ ಹಾಡುತ್ತ ಎಳೆಯುತ್ತಿದ್ದರು. ಹಗ್ಗಕ್ಕೆ ಕೈ ಹಚ್ಚಿದ ಹುಡುಗರಿಗೂ ಒಂದು ಬೊಗಸೆ ಬಂಗಡೆಯ ಪಾಲು. ಆ ಪಾಲು ಹಿಡಿದು ಮನೆಗೆ ಹೋದ ದಿನ ನನ್ನ ಗತ್ತು ನೋಡಬೇಕಿತ್ತು, ಮೊದಲ ಸಂಬಳದ ದಿನವೂ ಅಷ್ಟು ಇರಲಿಲ್ಲ. 1970ರ ದಶಕದ ಕೊನೆಗೆ ಯಂತ್ರದ ದೋಣಿ, ಪರ್ಸೀನ್ ಬಲೆಗಳು ಬಂದ ಮೇಲೆ ರಂಪಣಿ ಸೊರಗಿತು. ಈಗ ಸಣ್ಣ ಬಲೆಗಳನ್ನು ಎಳೆಯುವುದುಂಟು. ಕಂಡರೆ ಫೋಟೋ ಮಾತ್ರ ತೆಗೆದು ನಿಲ್ಲಬೇಡಿ, ಕೇಳಿಕೊಂಡು ಹಗ್ಗ ಹಿಡಿಯಿರಿ. ಬೇಡ ಎನ್ನುವವರು ಕಡಿಮೆ.

ಇನ್ನು ನೀರಿಗೆ ಇಳಿಯುವ ವಿಷಯ. ಅಜ್ಜ ಅಜ್ಜಿಯರು ಪಂಚಾಂಗ ಹೇಗೂ ತಂದಿರುತ್ತೀರಿ, ಅದನ್ನು ಮೊಮ್ಮಕ್ಕಳ ಕೈಗೆ ಕೊಡಿ. ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಪುಸ್ತಕದಲ್ಲಿ ಉಬ್ಬರ ಎನ್ನುವುದಕ್ಕೆ ನಮ್ಮ ಕಡೆ ಭರತಿ ಎನ್ನುತ್ತೇವೆ. ಅಮಾವಾಸ್ಯೆ, ಹುಣ್ಣಿಮೆಗಳಂದು ಇಲ್ಲಿ ಭರತಿ ತುಂಬುವುದು ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ, ಅಂದಾಜು ಹನ್ನೊಂದರ ಸುಮಾರಿಗೆ. ಚಂದ್ರ ದಿನವೂ ತಡವಾಗಿ ಬರುವ ಹಾಗೆ ಭರತಿಯೂ ದಿನಕ್ಕೆ ಸುಮಾರು 50 ನಿಮಿಷ ತಡ. ಹುಣ್ಣಿಮೆ ಕಳೆದು ನಾಲ್ಕನೆಯ ದಿನ ನೀವು ಬಂದಿದ್ದೀರೆನ್ನಿ. ನಾಲ್ಕು ಐವತ್ತಲ ಇನ್ನೂರು ನಿಮಿಷ, ಅಂದರೆ 3 ಗಂಟೆ 20 ನಿಮಿಷ. ಹನ್ನೊಂದಕ್ಕೆ ಅದನ್ನು ಕೂಡಿಸಿದರೆ ಮಧ್ಯಾಹ್ನ ಎರಡು ಇಪ್ಪತ್ತು. ಅದಕ್ಕೆ ಆರು ಗಂಟೆ ಹಿಂದೆ, ಬೆಳಿಗ್ಗೆ ಎಂಟರ ಸುಮಾರಿಗೆ ನೀರು ತೀರಾ ಇಳಿದಿರುತ್ತದೆ. ಬಂಡೆಗಳ ನಡುವಿನ ಹೊಂಡಗಳಲ್ಲಿ ಏಡಿ, ಸಣ್ಣ ಮೀನು, ಶಂಖದ ಹುಳು ನೋಡುವುದಕ್ಕೆ ಅದೇ ಸರಿಯಾದ ಹೊತ್ತು. ಇದು ಅಂದಾಜು ಲೆಕ್ಕ, ಬ್ಯಾಂಕಿನ ಲೆಕ್ಕದ ಹಾಗೆ ಪೈಸೆಗೆ ಪೈಸೆ ತಾಳೆಯಾಗುವುದಿಲ್ಲ. ದಂಡೆಯ ಮೀನುಗಾರರನ್ನು ಕೇಳಿ ಖಾತ್ರಿ ಮಾಡಿಕೊಳ್ಳಿ.

ಕಾಳಿಯ ಅಳಿವೆಯ ಹತ್ತಿರ ಮಾತ್ರ ಎಷ್ಟು ಇಳಿತವಿದ್ದರೂ ನೀರಿಗೆ ಇಳಿಯಬೇಡಿ. ನದಿ ಹೊರಗೆ ಎಳೆಯುವ ಜಾಗ ಅದು. ಎಲ್ಲಾದರೂ ಕಡಲಿನ ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆಗೆ ಅದರ ಎದುರು ಈಜಿ ಸುಸ್ತಾಗಬಾರದು. ದಡಕ್ಕೆ ಸಮವಾಗಿ, ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು ಆಮೇಲೆ ದಡಕ್ಕೆ ತಿರುಗಬೇಕು. ಇದನ್ನು ನಮಗೆ ಅಪ್ಪ ಹೇಳಿಕೊಟ್ಟದ್ದು.

ದ್ವೀಪಗಳ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಬಿಗಿ ಮನುಷ್ಯ. ಕೂರ್ಮಗಡ ದ್ವೀಪದಲ್ಲಿ ನರಸಿಂಹನ ಗುಡಿಯಿದೆ. ಪುಷ್ಯ ಹುಣ್ಣಿಮೆಗೆ ಜಾತ್ರೆ, ಭಕ್ತರು ದೋಣಿಗಳಲ್ಲಿ ಹೋಗುತ್ತಾರೆ. 2019ರ ಜನವರಿ 21ರಂದು ಆ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಜನ ತೀರಿಕೊಂಡರು. ಮಕ್ಕಳೂ ಇದ್ದರು, ಘಟ್ಟದ ಮೇಲಿನಿಂದ ಬಂದವರಿದ್ದರು. ಅಂದು ದಂಡೆಯಲ್ಲಿ ನಿಂತಿದ್ದ ನೂರಾರು ಜನರಲ್ಲಿ ನಾನೂ ಒಬ್ಬ. ಅಲೆ ದೊಡ್ಡದಿರಲಿಲ್ಲ ಎಂದು ನಾವು ನಿಂತಲ್ಲಿಂದ ಅನಿಸುತ್ತಿತ್ತು. ದಂಡೆಯಿಂದ ಹಾಗೆಯೇ ಅನಿಸುವುದು.

ಮರುವರ್ಷ ಚಳಿಗಾಲದಲ್ಲಿ ಮೊಮ್ಮಗ ಬಂದಾಗ ದೋಣಿ ವಿಹಾರಕ್ಕೆ ಹೋಗಬೇಕೆಂದು ಹಟ. ಆಗ ಅವನಿಗೆ ಎಂಟು ವರ್ಷ. ಹೋದೆವು, ದುಡ್ಡೂ ಕೊಟ್ಟೆವು. ದೊಡ್ಡವರಿಗೆಲ್ಲ ಲೈಫ್ ಜಾಕೆಟ್ ಇತ್ತು. ಅವನಿಗೆ ತೊಡಿಸಿದ್ದೂ ದೊಡ್ಡವರದೇ, ಎತ್ತಿದರೆ ತಲೆಯ ಮೇಲಿಂದ ಕಳಚಿ ಬರುವಂಥದ್ದು. ಮಕ್ಕಳ ಅಳತೆಯದು ಕೊಡಿ ಎಂದೆ. ಇಲ್ಲ, ಇದೇ ಸಾಕು, ಎರಡು ಹೆಜ್ಜೆಯ ದಾರಿ ಎಂದರು. ಉಳಿದ ಪ್ರವಾಸಿಗರು ಗೊಣಗಿದರು. ನಾನು ಅವನ ಕೈ ಹಿಡಿದು ಇಳಿದುಬಿಟ್ಟೆ. ದೋಣಿ ನಮ್ಮನ್ನು ಬಿಟ್ಟು ಹೋಯಿತು, ಸುರಕ್ಷಿತವಾಗಿ ವಾಪಸೂ ಬಂತು. ಅವನು ಅದನ್ನು ನೋಡಿ ನನ್ನನ್ನು ನೋಡಿದ. ರಾತ್ರಿ ಊಟದ ತನಕ ಅಜ್ಜನ ಹತ್ತಿರ ಮಾತಿಲ್ಲ. ನನ್ನ ಹೆಂಡತಿ ಕೂಡ, "ಅಷ್ಟು ದೂರದಿಂದ ಬಂದ ಹುಡುಗ" ಎಂದು ಮುಖ ಊದಿಸಿದಳು. ಮಾರನೆಯ ದಿನ ಬೇರೆ ದೋಣಿಯಲ್ಲಿ ಅಳತೆಯ ಜಾಕೆಟ್ ಸಿಕ್ಕಿತು, ಹೋಗಿಬಂದೆವು, ಡಾಲ್ಫಿನ್ನುಗಳ ಬೆನ್ನೂ ಕಂಡಿತು. ಆದರೆ ಸಿಗದಿದ್ದರೂ ನಾನು ಇಳಿಯುತ್ತಿದ್ದೆ. ನೀವೂ ಇಳಿಯಿರಿ. ಮುಂಗಡ ಕೊಟ್ಟ ದುಡ್ಡು ಹೋದರೆ ಹೋಗಲಿ. ಮಕ್ಕಳೇ, ಅಜ್ಜ ಹಾಗೆ ಇಳಿಸಿದರೆ ಮುನಿಸಿಕೊಳ್ಳಿ, ಅಡ್ಡಿಯಿಲ್ಲ, ಆದರೆ ಇಳಿಯಿರಿ.

ಅಂಜುದೀವ್ ದ್ವೀಪಕ್ಕೆ ಯಾರೂ ಹೋಗುವಂತಿಲ್ಲ, ಅದು ಈಗ ನೌಕಾನೆಲೆಗೆ ಸೇರಿದೆ. ದೂರದಿಂದ ತೋರಿಸಿ ಕಥೆ ಹೇಳಬಹುದು. 1498ರಲ್ಲಿ ವಾಸ್ಕೋ ಡ ಗಾಮ ಅಲ್ಲಿ ತಂಗಿದ್ದ. 1660ರ ದಶಕದಲ್ಲಿ ಮುಂಬಯಿಯನ್ನು ವಶಕ್ಕೆ ಪಡೆಯಲು ಬಂದ ಇಂಗ್ಲಿಷ್ ಸೈನಿಕರಿಗೆ ಪೋರ್ಚುಗೀಸರು ಊರು ಬಿಟ್ಟುಕೊಡದೆ ಹೋದಾಗ, ಅವರು ಈ ದ್ವೀಪದಲ್ಲಿ ಕಾಯುತ್ತ ಕೂತರು. ಕಾಯಿಲೆ ಬಿದ್ದು ಬಹುಪಾಲು ಜನ ಇಲ್ಲೇ ಮಣ್ಣಾದರು, ಅವರ ನಾಯಕನೂ ಸೇರಿ. 1961ರ ಡಿಸೆಂಬರಿನಲ್ಲಿ ಪೋರ್ಚುಗೀಸರಿಂದ ದ್ವೀಪವನ್ನು ಬಿಡಿಸುವಾಗ ನಮ್ಮ ನೌಕಾಪಡೆಯ 7 ಮಂದಿ ಪ್ರಾಣ ಕೊಟ್ಟರು. ಆಗ ನಾನು ಶಾಲೆಯ ಹುಡುಗ. ಗುಂಡಿನ ಸದ್ದು ಕೇಳಿಸಿತೆಂದು ನಮ್ಮ ತರಗತಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ನನಗೆ ಕೇಳಿಸಿರಲಿಲ್ಲ.

ಸಮಯ ಉಳಿದರೆ ಗೋವಾ ಗಡಿಯ ಮಾಜಾಳಿಗೆ ಹೋಗಿ. ಅಲ್ಲಿಂದ ಗುಡ್ಡ ಹತ್ತಿ ಇಳಿದರೆ ತಿಳ್ಮಾತಿ ಎಂಬ ಪುಟ್ಟ ದಂಡೆ. ಹೆಸರೇ ಹೇಳುವಂತೆ ಅಲ್ಲಿನ ಮರಳು ಎಳ್ಳಿನಂತೆ ಕಪ್ಪು. ದಾರಿ ಕಡಿದಾಗಿದೆ, ಅಜ್ಜಿಯರು ಮಾಜಾಳಿಯ ನೆರಳಿನಲ್ಲೇ ಇರಿ. ಮರಳನ್ನು ಬಾಟಲಿಯಲ್ಲಿ ತುಂಬಿ ತರುವವರನ್ನು ಕಂಡಿದ್ದೇನೆ. ಸಣ್ಣ ದಂಡೆ ಅದು, ಎಷ್ಟು ಬಾಟಲಿ ತಾಳೀತು? ಚಳಿಗಾಲದಲ್ಲಿ ನಮ್ಮ ಈ ಕಡಲತೀರಗಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಅರಣ್ಯ ಇಲಾಖೆಯವರು ಬಲೆ ಕಟ್ಟಿ ಕಾಯುತ್ತಾರೆ. ಮರಳು ಬೆಚ್ಚಗಿದ್ದರೆ ಹೆಣ್ಣು ಮರಿ, ತಂಪಾಗಿದ್ದರೆ ಗಂಡು ಮರಿ ಹೆಚ್ಚು. ಇದನ್ನು ನನಗೆ ಹೇಳಿದವನು ಮೊಮ್ಮಗನೇ, ಶಾಲೆಯ ಪುಸ್ತಕ ತೋರಿಸಿದ ಮೇಲೆ ನಂಬಿದೆ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಮನೆಮನೆಗೂ ರುಚಿ ಬೇರೆ. ಮೀನು ತಿನ್ನುವವರು ಜೂನ್ ಜುಲೈಯಲ್ಲಿ ಯಂತ್ರದ ದೋಣಿಗಳಿಗೆ ನಿಷೇಧವಿರುವುದನ್ನು ನೆನಪಿಡಿ, ಆಗ ತಾಜಾ ಮೀನು ಕಡಿಮೆ. ತಿನ್ನದವರಿಗೆ ಮುರುಗಲ ಹಣ್ಣಿನ ಸೋಲ್‌ಕಡಿ ಇದೆ, ಬಿಸಿಲಿಗೆ ಅದರಂಥ ಮದ್ದಿಲ್ಲ. ಮೇ ತಿಂಗಳಲ್ಲಿ ಬಂದವರಿಗೆ ಒಂದು ಲಾಭ ಉಂಟು: ಅಂಕೋಲೆಯ ಕರಿ ಇಷಾಡ ಮಾವು. 2023ರಲ್ಲಿ ಅದಕ್ಕೆ ಜಿಐ ಮಾನ್ಯತೆಯೂ ಸಿಕ್ಕಿತು. ರಸ್ತೆಯ ಬದಿಯಲ್ಲಿ ಹಾಲಕ್ಕಿ ಹೆಂಗಸರು ಬುಟ್ಟಿಯಲ್ಲಿ ಇಟ್ಟುಕೊಂಡು ಮಾರುತ್ತಾರೆ. ಚೌಕಾಸಿ ಮಾಡಬೇಡಿ. ಸಿಪ್ಪೆ ತೆಳು, ರಸ ತುಂಬಿದ ಹಣ್ಣು, ಬಹಳ ದಿನ ಇಟ್ಟರೆ ಕೆಡುತ್ತದೆ. ಬೆಂಗಳೂರಿನ ನೆಂಟರಿಗೆಂದು ಡಬ್ಬಿ ಕಟ್ಟಿ ಒಯ್ದವರು ಮನೆ ಮುಟ್ಟಿ ತೆರೆದು ನನಗೆ ಫೋನು ಮಾಡಿ ಗೋಳಾಡಿದ್ದುಂಟು. ಒಯ್ಯುವುದೇ ಬೇಡ. ವಾಪಸು ಹೋಗುವ ರೈಲಿನಲ್ಲೇ ಕೂತು ತಿಂದು ಮುಗಿಸಿ. ಕೈ ಒರೆಸಿಕೊಳ್ಳಲು ಒಂದು ಹಳೆಯ ಟವೆಲ್ಲು ಮೇಲೆಯೇ ಇರಲಿ, ಚೀಲದ ತಳದಲ್ಲಿ ಬೇಡ.