ತಲಿಗೆ ಪೆಟ್ಟಾದ್ರ ಮಲಗಿಸಿಯೇ ಇಡಬೇಕೇನ್ರಿ?

ನಮ್ಮ ಕಡೆ ಯಾರಿಗರೆ ತಲಿಗೆ ಪೆಟ್ಟಾತು ಅಂದ್ರ ಎಲ್ಲಾರೂ ಹೇಳೂದು ಒಂದ ಮಾತು: "ಏಳಬ್ಯಾಡ, ಸುಮ್ನ ಮಲ್ಕೋ." ಮೊದಲಿನ ಒಂದೆರಡು ದಿನ ಹಗುರ ವಿಶ್ರಾಂತಿ ಬೇಕು, ಅದು ಖರೇನ. ಆದ್ರ ಆಮ್ಯಾಲೂ ವಾರಗಟ್ಟಲೆ ಹಾಸಿಗಿ ಹಿಡಿಸಿದ್ರ ತಲಿ ಲಗೂ ಆರಾಮ ಆಗೂದಿಲ್ಲಂತ. ಮಗನ ಸಲುವಾಗಿ ನಾ ತಿಳಕೊಂಡಿದ್ದನ್ನ ನಿಮಗೂ ಹೇಳಬೇಕು ಅನಿಸ್ತು.

ನಮ್ಮ ಮಗ ಹುಬ್ಬಳ್ಳಿಯೊಳಗ ಗೇಟು, ಗ್ರಿಲ್ ಮಾಡೂ ಒಂದು ಶೆಡ್ಡಿನ್ಯಾಗ ವೆಲ್ಡಿಂಗ್ ಕೆಲಸಕ್ಕ ಹೋಗ್ತಾನ. ಹೋದ ವರ್ಷ ಮ್ಯಾಲಿಟ್ಟಿದ್ದ ಪೈಪು ಜಾರಿ ತಲಿಗೆ ಬಡೀತು. ರಕ್ತ ಬರಲಿಲ್ಲ, ಸ್ಕ್ಯಾನಿಂಗಿನ್ಯಾಗೂ ಏನೂ ಕಾಣಲಿಲ್ಲ. ಇದಕ್ಕ ಕನ್ಕಶನ್ ಅಂತಾರ ಅಂದ್ರು ಡಾಕ್ಟ್ರು. ಮಿದುಳು ಒಳಗ ಅಲುಗಾಡಿ ಅದರ ಕೆಲಸ ಏರುಪೇರಾಗತದ, ಸ್ಕ್ಯಾನಿಂಗಿಗೆ ಅದು ಸಿಗೂದಿಲ್ಲಂತ. ಮೂರು ವಾರ ಆದ್ರೂ ತಲಿನೋವು, ಚಕ್ಕರ್ ಹೋಗಲಿಲ್ಲ. ಮಿಕ್ಸರ್ ಸಪ್ಪಳಕ್ಕೂ ಮಾರಿ ಕಿವುಚತಿದ್ದ. ಗಾಯ ಕಣ್ಣಿಗೆ ಕಾಣೂದಿಲ್ಲ ನೋಡ್ರಿ, "ನಾಟಕ ಮಾಡ್ತಾನ" ಅಂದವರೂ ಇದ್ರು. ಅವಂದು ದಿನದ ಪಗಾರ, ಹೋದ ದಿನಕ್ಕಷ್ಟ ರೊಕ್ಕ. ನಮ್ಮ ಅತ್ತಿಯವರು ಕಿಡಕಿಗೆ ಚಾದರ ಕಟ್ಟಿ, ಕತ್ತಲಿ ಮಾಡಿ ಮಲಗಿಸಿದ್ರು. ಹುಡುಗ ದಿನದಿಂದ ದಿನಕ್ಕ ಬಾಡಿ ಹೋದ.

ಆವಾಗ ಡಾಕ್ಟ್ರು ಕಳಿಸಿದ ಫಿಜಿಯೋಥೆರಪಿ ಮೇಡಂ, "ಇವ ನಡೀಬೇಕ್ರಿ, ಆದ್ರ ಲೆಕ್ಕ ಇಟ್ಟು" ಅಂದ್ರು. ಅಮೆರಿಕಾದ ಬಫಲೋ ವಿಶ್ವವಿದ್ಯಾಲಯದ ಜಾನ್ ಲೆಡ್ಡಿ, ಬ್ಯಾರಿ ವಿಲ್ಲರ್ ಅನ್ನೂ ತಜ್ಞರು ಈ ಪದ್ಧತಿ ತಂದಾರ. ಟ್ರೆಡ್‌ಮಿಲ್ ಮ್ಯಾಲೆ ನಡಿಸಿ, ನಿಮಿಷಕ್ಕೊಮ್ಮೆ ಏರು ಹೆಚ್ಚು ಮಾಡಿ, ನಾಡಿ ಎಷ್ಟಾದಾಗ ತಲಿನೋವು ಏರತದ ಅಂತ ನೋಡೂದು. 2019ರಾಗ ಬಂದ ಅವರ ಅಧ್ಯಯನದೊಳಗ 13ರಿಂದ 18 ವಯಸ್ಸಿನ 103 ಆಟಗಾರ ಮಕ್ಕಳಿದ್ರು. ಏರೋಬಿಕ್ ವ್ಯಾಯಾಮ ಮಾಡಿದವರು ಸುಮಾರು 13 ದಿನಕ್ಕ ಆರಾಮ ಆದ್ರು, ಬರೇ ಕೈಕಾಲು ಎಳೆಯೂ ವ್ಯಾಯಾಮ ಮಾಡಿದವರಿಗೆ 17 ದಿನ ಬೇಕಾತು. 2022ರಾಗ ಆಮ್‌ಸ್ಟರ್‌ಡ್ಯಾಮಿನ್ಯಾಗ ಕೂಡಿದ ತಜ್ಞರೂ ಪೂರಾ ಹಾಸಿಗಿ ಬ್ಯಾಡ, 24ರಿಂದ 48 ತಾಸು ಹಗುರ ವಿಶ್ರಾಂತಿ ಆದಮ್ಯಾಲೆ ಸಣ್ಣಂಗ ನಡಿಗಿ ಹೆಚ್ಚು ಮಾಡ್ರಿ ಅಂದ್ರು.

ನಮ್ಮಂವಗ ನಾಡಿ 130 ಆದಾಗ ತಲಿ ಸಿಡೀಲಿಕ್ಕೆ ಹತ್ತಿತು. ಅದರ ಶೇಕಡಾ 80 ಅಂದ್ರ 104. ಅದನ್ನ ದಾಟಧಂಗ ದಿನಾ 20 ನಿಮಿಷ ನಡಿಗಿ. ನಾನೂ ಅವನ ಜೋಡಿ ಮುಂಜಾನೆದ್ದು ಉಣಕಲ್ ಕೆರಿ ದಂಡಿಗೆ ಹೊಂಟೆ. ನಡುನಡುವ ನಿಂತು, ಮೊಬೈಲ್ ನೋಡಿ 15 ಸೆಕೆಂಡು ನಾಡಿ ಎಣಸೂದು. 26 ಬಡಿತ ಅಂದ್ರ 104 ಆತಲ್ಲ? ದಾಟಿದ್ರ, "ಸಾವಕಾಶ ನಡಿಯಪ್ಪಾ" ಅಂತಿದ್ದೆ. ತಲಿನೋವಿಗೆ ಹತ್ತರೊಳಗ ಒಂದು ಅಂಕಿ ಕೊಡೂದು, ಶುರುವಾದಾಗಿಗಿಂತ ಎರಡು ಅಂಕಿ ಏರಿದ್ರ ಅವತ್ತಿಂದು ಮುಗೀತು. ಹಾಲು ಕಾಸಿಧಂಗ ನೋಡ್ರಿ, ಬಿಸಿ ಆಗಬೇಕು, ಉಕ್ಕಬಾರದು.

"ಕೂಸಿನ್ನ ಎಳಕೊಂಡು ತಿರಗತಿ" ಅಂತ ಅತ್ತಿಯವರು ಬೈದ್ರು. "ಅತ್ತಿ, ಇದೂ ಗುಳಿಗಿನರಿ, ಇಷ್ಟ ಅಂತ ಅಳತಿ ಅದ" ಅಂದೆ.

ವಾರಕ್ಕೊಮ್ಮೆ ಮೇಡಂ ಮತ್ತ ನಡಿಸಿ ನೋಡಿ ಅಂಕಿ ಏರಿಸಿದ್ರು. ಆಟಗಾರರು ಮೈದಾನಕ್ಕ ಹೊಳ್ಳಿ ಹೋಗ್ತಾರ, ನಮ್ಮಂವ ಹೋಗಬೇಕಾದದ್ದು ನಿಚ್ಚಣಿಕಿ, ಗ್ರೈಂಡರ್, ಬೆಂಕಿ ಕಿಡಿ ನಡುವ. ಒಂದು ಚಕ್ಕರ್ ಬಂದ್ರ ಮುಗೀತು. ಅದಕ್ಕ ಮೊದಲ ಅರ್ಧ ದಿನ, ಅದೂ ನೆಲದ ಮ್ಯಾಲೆ ಕೂತು ಅಳತಿ ಹಾಕೂ ಕೆಲಸ. ನಿಚ್ಚಣಿಕಿ ಎಲ್ಲಾದಕ್ಕಿಂತ ಕಡೀಗೆ. ಈಗ ಪೂರಾ ದಿನ ಹೋಗ್ತಾನ. ಭಾಳ ದಣಿದ ಸಂಜಿಕ ಒಮ್ಮೊಮ್ಮೆ ತಲಿ ಭಾರ ಅಂತಾನ, ಅಷ್ಟ.

ನಿಮ್ಮ ಮನ್ಯಾಗ ಹಿಂಗಾದ್ರ ಒಂದು ನೆನಪಿಡ್ರಿ. ಮ್ಯಾಲಿಂದ ಮ್ಯಾಲೆ ವಾಂತಿ, ಎಬ್ಬಿಸಿದ್ರೂ ಏಳದಷ್ಟು ನಿದ್ದಿ, ಫಿಟ್ಸು, ಕೈಕಾಲಿಗೆ ಶಕ್ತಿ ಇಲ್ಲಧಂಗ ಆಗೂದು, ಇವು ಕಂಡ್ರ ನಡಿಗಿ ಮಾತ ಬ್ಯಾಡ, ಸೀದಾ ದವಾಖಾನಿ. ಅಂಥಾದ್ದೇನೂ ಇಲ್ಲ ಅಂತ ಡಾಕ್ಟ್ರು ಹೇಳಿದಮ್ಯಾಲೆ, "ಎಷ್ಟು ದಿನ ಮಲಗಿಸೋಣ್ರಿ?" ಅಂತಷ್ಟ ಕೇಳಿ ಬರಬ್ಯಾಡ್ರಿ. "ಯಾವಾಗಿಂದ ನಡಿಸೋಣ, ಎಷ್ಟು ನಡಿಸೋಣ?" ಅಂತನೂ ಕೇಳ್ರಿ.