ಚೆಂಡು ಹುಟ್ಟುವ ಜಾಗ

ಸಾಫ್ಟ್‌ಬಾಲ್ ಅಂದ ಕೂಡಲೇ ನಮ್ಮ ಆಫೀಸಿನವರು ಕೇಳುವ ಮೊದಲ ಪ್ರಶ್ನೆ, "ಅದು ಮೆತ್ತಗಿರುತ್ತಾ?" ಮೆತ್ತಗೇನೂ ಇರಲ್ಲ. ಹೆಸರು ಮಾತ್ರ ಸಾಫ್ಟು. ಸುತ್ತಳತೆ 12 ಇಂಚು, ಕ್ರಿಕೆಟ್ ಚೆಂಡಿಗಿಂತ ದಪ್ಪ, ಮೊಣಕಾಲಿಗೆ ಬಡಿದರೆ ಎರಡು ದಿನ ಕುಂಟಬೇಕು. ಎರಡನೇ ಪ್ರಶ್ನೆ, "ಕೆಳಗೈಯಿಂದ ಎಸೀತಾರಲ್ವಾ? ಹಾಗಾದ್ರೆ ಹೊಡೆಯೋದು ಸುಲಭ ಬಿಡು." ಇದಕ್ಕೆ ಉತ್ತರ ಕೊಡೋಕೆ ಸ್ವಲ್ಪ ಲೆಕ್ಕ ಬೇಕು. ಎಂಜಿನಿಯರ್ ಆದ ಮೇಲೆ ಲೆಕ್ಕ ಹೇಳದೆ ಬಿಡೋಕಾಗುತ್ತಾ?

ಮಹಿಳೆಯರ ಆಟದಲ್ಲಿ ಪಿಚರ್ ನಿಲ್ಲೋದು 43 ಅಡಿ ದೂರದಲ್ಲಿ. ಕೈಯನ್ನು ಗಾಳಿಯಂತ್ರದ ಹಾಗೆ ಒಂದು ಸುತ್ತು ತಿರುಗಿಸಿ, ಉದ್ದಕ್ಕೆ ಹೆಜ್ಜೆ ಚಾಚಿ, ಸೊಂಟದ ಪಕ್ಕದಲ್ಲಿ ಚೆಂಡು ಬಿಡ್ತಾಳೆ. ಆಗ ಉಳಿಯೋದು 37 ಅಡಿ ಆಸುಪಾಸು. ಗಂಟೆಗೆ 100 ಕಿ.ಮೀ. ವೇಗದ ಚೆಂಡು ಅಷ್ಟು ದೂರವನ್ನು ಸುಮಾರು 0.4 ಸೆಕೆಂಡಿನಲ್ಲಿ ದಾಟುತ್ತೆ. ಕ್ರಿಕೆಟ್‌ನಲ್ಲಿ 140 ಕಿ.ಮೀ. ವೇಗದ ಬೌಲರ್ ಎದುರು ನಿಂತವನಿಗೂ ಇದಕ್ಕಿಂತ ಒಂಚೂರು ಹೆಚ್ಚು ಸಮಯ ಸಿಗುತ್ತೆ. ಅವನ ಬ್ಯಾಟು ಚಪ್ಪಟೆ, ನಾಲ್ಕೂಕಾಲು ಇಂಚು ಅಗಲ. ಇವಳದು ಗುಂಡನೆಯ ದೊಣ್ಣೆ, ದಪ್ಪ ಅಂದರೆ ಎರಡೂಕಾಲು ಇಂಚು. ಶಾಲಾ ಮಟ್ಟದಲ್ಲಿ 75 ಕಿ.ಮೀ. ವೇಗದಲ್ಲಿ ಎಸೆಯುವ ಹುಡುಗಿ ಸಿಕ್ಕರೂ, ಎದುರಿಗಿರುವವಳಿಗೆ ಅರ್ಧ ಸೆಕೆಂಡು, ಮೇಲೆ ಚಿಲ್ಲರೆ. ಅಷ್ಟೇ.

ಆ ಅರ್ಧ ಸೆಕೆಂಡಿನ ಜೊತೆ ಎರಡು ವರ್ಷದಿಂದ ನನ್ನ ಒಡನಾಟ. ನಮ್ಮೂರು ತಿಕೋಟಾದಿಂದ ಬಬಲೇಶ್ವರಕ್ಕೆ ಹೋಗುವ ದಾರಿಯ ಬದಿಗಿದೆ. ವರ್ಕ್ ಫ್ರಮ್ ಹೋಮ್ ಪುಣ್ಯದಿಂದ ವರ್ಷದಲ್ಲಿ ಏಳೆಂಟು ತಿಂಗಳು ಊರಲ್ಲೇ ಇರ್ತೀನಿ. ಹೈಸ್ಕೂಲಿನಲ್ಲಿ, ಆಮೇಲೆ ಬಿ.ಇ. ಓದುವಾಗ ಕ್ಯಾಚರ್ ಆಗಿದ್ದೆ ಅಂತ ಯಾರೋ ಹೇಳಿದ್ದು ಕೇಳಿ ಶಾಲೆಯ ಪಿ.ಟಿ. ಸರ್ ಬಂದರು. "ಹುಡುಗ್ಯಾರಿಗೆ ಸ್ವಲ್ಪ ಬ್ಯಾಟಿಂಗ್ ತೋರ್ಸ್ರಿ. ಚೆಂಡ್ ಒಗಿಯೂದು, ಹಿಡಿಯೂದು ಬರ್ತೈತಿ. ಹೊಡಿಯೂದು ಒಂದs ಬರಂಗಿಲ್ಲ."

ನಮ್ಮ ಕಡೆ ಹೆಣ್ಣುಮಕ್ಕಳ ಆಟಕ್ಕೆ ಹೆಸರೇ ಇಲ್ಲ ಅಂತಲ್ಲ. ವಿಜಯಪುರದ ರಾಜೇಶ್ವರಿ ಗಾಯಕವಾಡ್ 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ ಕೊಟ್ಟು 5 ವಿಕೆಟ್ ತೆಗೆದದ್ದು ಇಲ್ಲಿನ ಮಕ್ಕಳಿಗೆ ಗೊತ್ತು. ಆದರೆ ಅದು ಕ್ರಿಕೆಟ್. ಸಾಫ್ಟ್‌ಬಾಲ್ ಟಿವಿಯಲ್ಲಿ ಬರಲ್ಲ. ಹಿಂದಿನ ವರ್ಷ ಜಿಲ್ಲಾ ಮಟ್ಟದ ಪಂದ್ಯಕ್ಕೆ ವಿಜಯಪುರಕ್ಕೆ ಹೋಗಿ, ಸಿಟಿಯ ಒಂದು ತಂಡದ ಎದುರು ನಮ್ಮ ಹುಡುಗಿಯರು ಬ್ಯಾಟಿಗೆ ಚೆಂಡು ತಾಗಿಸೋಕೂ ಆಗದೆ ವಾಪಸ್ ಬಂದಿದ್ದರು.

ಮೊದಲ ದಿನ ಅವರನ್ನು ಕೂಡಿಸಿ, ಏನಾಯ್ತು ಅಂತ ಕೇಳಿದೆ. ಒಂಬತ್ತನೇ ಕ್ಲಾಸಿನವಳೊಬ್ಬಳು ಹೇಳಿದಳು, "ಚೆಂಡs ಕಾಣಂಗಿಲ್ರಿ ಕಾಕಾ. ಬಂದ್ ಹೋದ್ ಮ್ಯಾಲ ಗೊತ್ತಾಗ್ತೈತ್ರಿ." ಪಕ್ಕದವಳು ಸೇರಿಸಿದಳು, "ಸಿಟಿ ಹುಡುಗ್ಯಾರ್ ಕೈ ಬಾಳ ಚುರುಕ್ರಿ. ನಮಗ ಅಷ್ಟ್ ಆಗೂದಿಲ್ರಿ."

ಸೋತಿದ್ದು ದೊಡ್ಡ ಮಾತಲ್ಲ. ಹದಿನಾಲ್ಕು ವರ್ಷದ ಹುಡುಗಿ ಒಂದೇ ಪಂದ್ಯ ನೋಡಿ, ಅವರು ಹುಟ್ಟಾ ಚುರುಕು, ನಾವು ಹುಟ್ಟಾ ನಿಧಾನ ಅಂತ ತೀರ್ಮಾನಕ್ಕೆ ಬಂದಿದ್ದಳಲ್ಲ, ಅದು ದೊಡ್ಡ ಮಾತು. ಯಾಕಂದ್ರೆ ಈ ಮಾತು ನಾನು ಮೊದಲೂ ಕೇಳಿದ್ದೆ. ಬಿ.ಇ. ಮೊದಲ ಸೆಮಿಸ್ಟರಿನ ಪ್ರೋಗ್ರಾಮಿಂಗ್ ಲ್ಯಾಬಿನಲ್ಲಿ ಕೆಲವರು ಪ್ರಶ್ನೆ ಪೂರ್ತಿ ಓದೋ ಮೊದಲೇ ಟೈಪ್ ಮಾಡೋಕೆ ಶುರು ಮಾಡ್ತಿದ್ದರು. ನನ್ನ ಹಾಗೇ ಹಳ್ಳಿಯಿಂದ ಬಂದಿದ್ದ ರೂಮ್‌ಮೇಟ್, "ಅವರ ತಲಿನೇ ಬ್ಯಾರೆ ಬಿಡೋ" ಅಂತಿದ್ದ. ತಲೆ ಬೇರೆ ಇರಲಿಲ್ಲ. ಅವರು ಪಿಯುಸಿಯಲ್ಲೇ ಕಂಪ್ಯೂಟರ್ ಸೈನ್ಸ್ ಓದಿ ಬಂದಿದ್ದರು. ಅಂಥ ಪ್ರಶ್ನೆ ಎಲ್ಲಿ ಶುರುವಾಗಿ ಎಲ್ಲಿಗೆ ಹೋಗುತ್ತೆ ಅನ್ನೋದನ್ನ ನೂರು ಸಲ ನೋಡಿದ್ದರು. ದೂರದಿಂದ ನೋಡಿದವರಿಗೆ ಅದು ಚುರುಕುತನದ ಹಾಗೆ ಕಾಣ್ತಿತ್ತು.

ಹುಡುಗಿಯರಿಗೆ ನಾನು ಅಮೆರಿಕದ ಕಥೆ ಹೇಳಿದೆ. 2004ರಲ್ಲಿ ಜೆನ್ನಿ ಫಿಂಚ್ ಅನ್ನೋ ಸಾಫ್ಟ್‌ಬಾಲ್ ಪಿಚರ್ ಒಂದು ಪ್ರದರ್ಶನ ಪಂದ್ಯದಲ್ಲಿ ಅಲ್ಬರ್ಟ್ ಪುಹೋಲ್ಸ್, ಮೈಕ್ ಪಿಯಾಝಾ ಅಂಥ ಬೇಸ್‌ಬಾಲ್ ದಿಗ್ಗಜರನ್ನೇ ಔಟ್ ಮಾಡಿದಳು. ಗಂಟೆಗೆ 150 ಕಿ.ಮೀ. ದಾಟುವ ಚೆಂಡನ್ನು ದಿನಾ ಹೊಡೆಯುವ ಗಂಡಸರು! ಅವರ ಕೈ ಒಂದೇ ದಿನದಲ್ಲಿ ನಿಧಾನ ಆಯ್ತಾ? ಇಲ್ಲ. ಭುಜದ ಮೇಲಿಂದ ಬರುವ ಕೈಯನ್ನು ಅವರು ಸಾವಿರಾರು ಸಲ ಓದಿದ್ದರು. ಸೊಂಟದ ಹತ್ತಿರ ಚೆಂಡು ಬಿಡುವ ಕೈಯನ್ನು ಓದಿರಲಿಲ್ಲ. ವೇಗದ ಚೆಂಡನ್ನು ನೋಡಿ, ಯೋಚಿಸಿ, ಆಮೇಲೆ ಹೊಡೆಯೋಕೆ ಯಾರಿಗೂ ಟೈಮ್ ಇರಲ್ಲ. ಕೊನೆಯ ಕೆಲವು ಅಡಿಯಂತೂ ಕಣ್ಣಿಗೆ ಹಿಂಬಾಲಿಸೋಕೇ ಆಗಲ್ಲ. ಒಳ್ಳೆಯ ಬ್ಯಾಟರ್ ಪಿಚರ್‌ನ ಕೈ ನೋಡಿಯೇ ಅರ್ಧ ಉತ್ತರ ಬರೆದಿಟ್ಟಿರ್ತಾಳೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಪ್ರೊಸೆಸರ್ ಬದಲಿಸೋದಲ್ಲ, ಡೇಟಾ ಮೊದಲೇ ತರಿಸಿಟ್ಟುಕೊಳ್ಳೋದು.

ಹಾಗಾಗಿ ಮೊದಲ ವಾರ ಬ್ಯಾಟ್ ಮುಟ್ಟಿಸಲಿಲ್ಲ. ಟೆನಿಸ್ ಚೆಂಡುಗಳ ಮೇಲೆ ಮಾರ್ಕರ್‌ನಿಂದ ಕೆಂಪು, ನೀಲಿ ಚುಕ್ಕೆ ಹಾಕಿದೆ. ಅವರ ಕೆಲಸ, ಸುಮ್ಮನೆ ನಿಂತು ಬಣ್ಣ ಕೂಗೋದು. "ನನ್ನ ಮಾರಿ ನೋಡಬ್ಯಾಡ್ರಿ, ಸೊಂಟ ನೋಡ್ರಿ. ಚೆಂಡ್ ಹುಟ್ಟೂದು ಅಲ್ಲೇ." ಮೊದಲ ದಿನ ಹತ್ತಕ್ಕೆ ಐದು ಸರಿ ಬಂದರೆ ಅದು ಬರೀ ಅದೃಷ್ಟ. ವಾರದ ಕೊನೆಗೆ ಎಂಟು, ಒಂಬತ್ತು.

ಎರಡನೇ ವಾರ ಕಾಲು. ನಮ್ಮ ಮಕ್ಕಳು ಚೆಂಡು ಕೈಬಿಟ್ಟ ಮೇಲೆ ಹೊರಡ್ತಿದ್ದರು. ಬ್ಯಾಟು ತಿರುಗೋ ಹೊತ್ತಿಗೆ ಚೆಂಡು ಕ್ಯಾಚರ್ ಕೈಲಿ. ಪಿಚರ್ ಕೈ ಮೇಲೆ ಹೋದಾಗ ಮೈಭಾರ ಹಿಂಗಾಲಿಗೆ, ಕೈ ಕೆಳಗೆ ಸೊಂಟಕ್ಕೆ ಬಂದಾಗ ಮುಂಗಾಲು ನೆಲಕ್ಕೆ. ಇದನ್ನು ಅವರೇ ಹಾಡು ಮಾಡಿಕೊಂಡರು: "ಮ್ಯಾಲ... ಹಿಂದ. ಕೆಳಗ... ಮುಂದ." ಜೊತೆಗೆ ಇನ್ನೊಂದು ಪಾಠ. ಪ್ರತಿ ಚೆಂಡನ್ನೂ ಹೊಡೆಯೋಕೇ ಹೊರಡಬೇಕು, ಕೆಟ್ಟದ್ದು ಅನ್ನಿಸಿದರೆ ಕೊನೇ ಗಳಿಗೆಯಲ್ಲಿ ನಿಲ್ಲಿಸಬೇಕು. "ಹ್ಞೂಂ, ಹ್ಞೂಂ, ಬ್ಯಾಡ." ಮೊದಲು 'ಬ್ಯಾಡ' ಅಂದುಕೊಂಡವಳು ಆಮೇಲೆ 'ಹ್ಞೂಂ' ಅನ್ನೋ ಹೊತ್ತಿಗೆ ತಡ ಆಗಿರುತ್ತೆ.

ಮೂರನೇ ವಾರ ವೇಗ. ನಮ್ಮಲ್ಲಿ ಬಿರುಸಾಗಿ ಎಸೆಯೋರು ಇಲ್ಲ. ಪಿಚಿಂಗ್ ಮಷೀನು ತರಿಸೋಣ ಅಂತ ಪಿ.ಟಿ. ಸರ್‌ಗೆ ಆಸೆ. ದುಡ್ಡಿನ ಮಾತು ಬಿಡಿ, ಮಷೀನಿಗೆ ಸೊಂಟ ಇರಲ್ಲವಲ್ಲ! ಓದೋಕೆ ಅಲ್ಲಿ ಏನೂ ಇಲ್ಲ. ಬದಲಿಗೆ ಒಣದ್ರಾಕ್ಷಿ ಶೆಡ್ಡಿನ ಹಳೇ ಹಸಿರು ನೆಟ್ಟನ್ನು ಅಪ್ಪನ ಹತ್ತಿರ ಕೇಳಿ ಪಡೆದೆ. ಮುರುಕು ಮಂಚದ ಚೌಕಟ್ಟಿಗೆ ಅದನ್ನು ಬಿಗಿದು, ಕೈ ಆಡೋಕೆ ಒಂದು ಪಕ್ಕ ಜಾಗ ಬಿಟ್ಟು, 18 ಅಡಿ ದೂರದಲ್ಲಿ ಅದರ ಹಿಂದೆ ನಿಂತೆ. ಅಲ್ಲಿಂದ ಗಂಟೆಗೆ 50 ಕಿ.ಮೀ. ವೇಗದಲ್ಲಿ ಟೆನಿಸ್ ಚೆಂಡು ಎಸೆದರೆ ಬ್ಯಾಟಿಗೆ ತಲುಪೋಕೆ ಅದೇ 0.4 ಸೆಕೆಂಡು. ವೇಗ ಇಲ್ಲದಿದ್ದರೆ ದೂರ ಕಡಿಮೆ ಮಾಡು, ಲೆಕ್ಕ ಒಂದೇ.

ಆದರೆ ಹೆದರಿಕೆಗೆ ಲೆಕ್ಕ ಇಲ್ಲ. ಆ ಒಂಬತ್ತನೇ ಕ್ಲಾಸಿನವಳು ಚೆಂಡು ಬಂದಾಗೆಲ್ಲ ಒಂದು ಕಾಲು ಹಿಂದೆ ಎಳೀತಿದ್ದಳು. ಬೈದರೆ ಹೋಗೋ ಚಟ ಅಲ್ಲ ಅದು. ಹೆಲ್ಮೆಟ್ ಹಾಕಿಸಿ, ಮೈಮೇಲೆ ಬರೋ ಟೆನಿಸ್ ಚೆಂಡಿಗೆ ಬೆನ್ನು ತಿರುಗಿಸಿ ಭುಜದ ಮೇಲೆ ತಗೊಳ್ಳೋದನ್ನು ಹೇಳಿಕೊಟ್ಟೆ. ಆಮೇಲೆ ಬ್ಯಾಟ್ ಬೀಸದೆ ಬರೀ ಅಡ್ಡ ಹಿಡಿದು ಚೆಂಡನ್ನು ನೆಲಕ್ಕೆ ಬೀಳಿಸೋದು, ಅಂದರೆ ಬಂಟ್. ಪೆಟ್ಟು ಬಿದ್ದರೂ ತಡ್ಕೋಬಹುದು ಅಂತ ಮೈಗೆ ಗೊತ್ತಾದ ಮೇಲೆ ಕಾಲು ತಾನಾಗೇ ನಿಂತಿತು.

ಅವಳ ಅಪ್ಪ ಒಂದು ಸಂಜೆ ಬೈಕ್ ನಿಲ್ಲಿಸಿ ಕೇಳಿದರು, "ಇದರಿಂದ ಏನ್ ಉಪಯೋಗರೀ? ಮುಂದಿನ ವರ್ಷ ಹತ್ತನೇತ್ತಾ ಐತಿ." ನೌಕರಿ ಸಿಗುತ್ತೆ ಅಂತ ಸುಳ್ಳು ಹೇಳೋಕೆ ನನಗೆ ಮನಸ್ಸಿರಲಿಲ್ಲ. "ಅಣ್ಣಾರ, ನಿಮ್ಮ ಮಗಳು ತಾನು ನಿಧಾನ ಅಂತ ತಿಳ್ಕೊಂಡಾಳ. ಅಲ್ಲ ಅಂತ ಆಕಿಗೆ ಗೊತ್ತಾಗ್ಲಿ, ಆಮ್ಯಾಲ ಬಿಡಿಸ್ರಿ" ಅಂದೆ. ಏನೂ ಮಾತಾಡದೆ ಹೋದರು. ಮರುದಿನ ಅವಳು ಬಂದಳು.

ಮುಂದಿನ ಜಿಲ್ಲಾ ಪಂದ್ಯದಲ್ಲೂ ನಾವು ಸೋತೆವು. ಆದರೆ ಆ ಹುಡುಗಿ ಮೊದಲ ಸಲ ಬ್ಯಾಟಿಂಗಿಗೆ ನಿಂತಾಗ ಎರಡು ಚೆಂಡು ಫೌಲ್ ಹೊಡೆದು, ಮೂರನೆಯದನ್ನು ನೆಲದ ಮೇಲೆ ಉರುಳಿಸಿ ಓಡಿದಳು. ಮೊದಲ ಬೇಸ್ ಹತ್ತಿರ ಔಟ್. ಎರಡನೇ ಸಲ ಶಾರ್ಟ್‌ಸ್ಟಾಪ್ ತಲೆ ಮೇಲಿಂದ ಹೋಯಿತು ನೋಡಿ! ಟೆಂಪೊದಲ್ಲಿ ಊರಿಗೆ ವಾಪಸ್ ಬರುವಾಗ ಯಾರೂ ಕೈ ಚುರುಕಿನ ಮಾತೆತ್ತಲಿಲ್ಲ. ಬದಲಿಗೆ ಜಗಳ: ಆ ಪಿಚರ್ ನಿಧಾನದ ಚೆಂಡು ಹಾಕುವ ಮೊದಲು ಮಣಿಕಟ್ಟು ತಿರುಗಿಸ್ತಾಳೋ ಇಲ್ಲವೋ ಅಂತ. ತಿರುಗಿಸ್ತಾಳೆ ಅಂತ ಇವಳ ವಾದ. ಕ್ಯಾಚರ್ ಆಗಿದ್ದವನಾಗಿ ನಾನೂ ಗಮನಿಸಿರಲಿಲ್ಲ ಅದನ್ನ.

ಈಗ ಅವಳು ಹತ್ತನೇ ಕ್ಲಾಸು. ಟ್ಯೂಷನ್ ಮುಗಿಸಿ ಬಂದು ಏಳನೇ ಕ್ಲಾಸಿನ ಮಕ್ಕಳಿಗೆ ಬಣ್ಣದ ಚೆಂಡು ಎಸೀತಾಳೆ. ಜನವರಿ ಮುಗಿಯೋ ಹೊತ್ತಿಗೆ ದ್ರಾಕ್ಷಿ ಕಟಾವು ಶುರುವಾಗುತ್ತೆ, ಶೆಡ್ಡಿಗೆ ನೆಟ್ ವಾಪಸ್ ಬೇಕು ಅಂತ ಅಪ್ಪ ಆಗಲೇ ಎರಡು ಸಲ ಹೇಳಿಯಾಗಿದೆ. ಅಷ್ಟರೊಳಗೆ ಬೇರೆ ನೆಟ್ ಹುಡುಕಬೇಕು.